ಹತ್ತು ಪಾಲುದಾರರು ಹೊರಟಾಗ: ಅಮೆರಿಕದ ಕಾಲೇಜು ಫುಟ್‌ಬಾಲ್‌ನಿಂದ ಒಂದು ವಾಣಿಜ್ಯ ಪಾಠ



ಅಕೌಂಟೆನ್ಸಿ ತರಗತಿಯಲ್ಲಿ ‘ಪಾಲುದಾರನ ನಿವೃತ್ತಿ’ ಅಧ್ಯಾಯ ನಡೆಯುತ್ತಿತ್ತು. ಎ, ಬಿ, ಸಿ ಎಂಬ ಮೂವರು ಪಾಲುದಾರರಲ್ಲಿ ಒಬ್ಬರು ಹೊರಡುತ್ತಾರೆ, ಉಳಿದ ಇಬ್ಬರು ಅವರ ಪಾಲನ್ನು ಹಂಚಿಕೊಳ್ಳುತ್ತಾರೆ. ನಾನು ಎದ್ದು ನಿಂತು, “ಸರ್, ದೊಡ್ಡ ಪಾಲುದಾರರೆಲ್ಲ ಒಟ್ಟಿಗೇ ಹೋಗಿಬಿಟ್ಟರೆ?” ಎಂದು ಕೇಳಿದೆ. ತರಗತಿ ನಕ್ಕಿತು. ಸರ್ ಮಾತ್ರ ನಗಲಿಲ್ಲ. “ಒಂದು ನಿಜವಾದ ಉದಾಹರಣೆ ಹುಡುಕಿ ನಮ್ಮ ಪತ್ರಿಕೆಗೆ ಬರಿ” ಎಂದರು.

ಉದಾಹರಣೆ ಸಿಕ್ಕಿದ್ದು ಖಾಲಾ ಅವರ ಮಗನಿಂದ. ಭಾಯ್ ಅಮೆರಿಕದ ಆರೆಗಾನ್ ರಾಜ್ಯದ ಕೊರ್ವಾಲಿಸ್ ಎಂಬ ಊರಿನಲ್ಲಿ, ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾರೆ. ವಿಡಿಯೊ ಕಾಲ್‌ನಲ್ಲಿ ನನ್ನ ಪ್ರಶ್ನೆ ಕೇಳಿ, “ನಮ್ಮ ಯೂನಿವರ್ಸಿಟಿಯ ಕಥೆಯೇ ಅದು. ಹನ್ನೆರಡು ಜನ ಇದ್ದೆವು, ಹತ್ತು ಜನ ಎದ್ದು ಹೋದರು” ಎಂದರು. ಅಂದಿನಿಂದ ನಾನು ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಉರ್ದು ಮಾತಾಡುವವರು. ನನ್ನ ಕನ್ನಡದಲ್ಲಿ ತಪ್ಪು ಕಂಡರೆ ತಿದ್ದಿ, ಲೆಕ್ಕದಲ್ಲಿ ತಪ್ಪು ಕಂಡರೆ ಬಂದು ಹೇಳಿ.

1. ಮೊದಲು ಆಟದ ಬಗ್ಗೆ

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮ್ಮ ಮೈದಾನದಲ್ಲಿ ಆಡುವ ಆಟವಲ್ಲ. ನಮ್ಮದನ್ನು ಅವರು ಸಾಕರ್ ಎನ್ನುತ್ತಾರೆ. ಅವರ ಫುಟ್‌ಬಾಲ್‌ನಲ್ಲಿ ಎರಡೂ ಕಡೆ ಹನ್ನೊಂದು ಜನ ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಅಲ್ಲಿ ಕಾಲೇಜುಗಳ ನಡುವಿನ ಈ ಆಟ ದೊಡ್ಡ ಉದ್ಯಮ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ.

ವಿಶ್ವವಿದ್ಯಾಲಯಗಳು ‘ಕಾನ್ಫರೆನ್ಸ್’ ಎಂಬ ಗುಂಪುಗಳಾಗಿ ಆಡುತ್ತವೆ. ನಾವು ಇದನ್ನು ‘ಕೂಟ’ ಎನ್ನೋಣ. ಕೂಟ ಮೂರು ಕೆಲಸ ಮಾಡುತ್ತದೆ: ಸದಸ್ಯರ ನಡುವಿನ ಪಂದ್ಯಗಳ ವೇಳಾಪಟ್ಟಿ ಹಾಕುತ್ತದೆ, ಎಲ್ಲರ ಪರವಾಗಿ ಟಿ.ವಿ. ಕಂಪನಿಗಳಿಗೆ ಪ್ರಸಾರ ಹಕ್ಕು ಮಾರುತ್ತದೆ, ಬಂದ ಹಣವನ್ನು ಹಂಚುತ್ತದೆ. ವಾಣಿಜ್ಯದ ಕಣ್ಣಿನಿಂದ ನೋಡಿದರೆ ಇದೊಂದು ಪಾಲುದಾರಿಕೆ. ಉರ್ದುವಿನಲ್ಲಿ ಶಿರಾಕತ್. ಸದಸ್ಯರು ಒಂದು ಕೂಟ ಬಿಟ್ಟು ಇನ್ನೊಂದನ್ನು ಸೇರುವುದನ್ನು ‘ಕೂಟಗಳ ಮರುಜೋಡಣೆ’ ಎನ್ನಬಹುದು.

2. ಹಣ ಎಲ್ಲಿಂದ ಬಂತು?

ಬಹಳ ವರ್ಷ ಟಿ.ವಿ. ಪ್ರಸಾರದ ಹಿಡಿತ ಇದ್ದದ್ದು ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆಯ ಕೈಯಲ್ಲಿ. ಯಾವುದೇ ತಂಡ ಎರಡು ವರ್ಷದಲ್ಲಿ ಆರಕ್ಕಿಂತ ಹೆಚ್ಚು ಬಾರಿ ಟಿ.ವಿ.ಯಲ್ಲಿ ಬರುವಂತಿಲ್ಲ ಎಂಬ ನಿಯಮವಿತ್ತು. ದೊಡ್ಡ ವಿಶ್ವವಿದ್ಯಾಲಯಗಳಿಗೆ ಇದು ಸಿಟ್ಟು ತರಿಸಿತು. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ನ್ಯಾಯಾಲಯಕ್ಕೆ ಹೋದವು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2 ಬಹುಮತದಿಂದ, ಎನ್‌ಸಿಎಎಯ ಈ ಹಿಡಿತ ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಒಪ್ಪದ ಇಬ್ಬರಲ್ಲಿ ಒಬ್ಬರಾದ ನ್ಯಾಯಮೂರ್ತಿ ಬೈರನ್ ವೈಟ್ ತಮ್ಮ ವಿದ್ಯಾರ್ಥಿ ದಿನಗಳಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದ ಹೆಸರಾಂತ ಆಟಗಾರರಾಗಿದ್ದವರು.

ಅಂದಿನಿಂದ ಮಾರುಕಟ್ಟೆ ತೆರೆಯಿತು. ಟಿ.ವಿ. ಕಂಪನಿ ಕೇಳುವ ಪ್ರಶ್ನೆ ಒಂದೇ: ನಿಮ್ಮ ಕೂಟದ ಪಂದ್ಯವನ್ನು ಎಷ್ಟು ಜನ ನೋಡುತ್ತಾರೆ? ಹೆಚ್ಚು ಜನ ನೋಡುವ ತಂಡಗಳಿಗೆ ಬೇಡಿಕೆ ಹೆಚ್ಚಿತು.

ಇಲ್ಲಿ ‘ಸಣ್ಣ’ ಎಂಬ ಪದವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಆರೆಗಾನ್ ಸ್ಟೇಟ್‌ನಲ್ಲಿ 35 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ. ಓದಿನಲ್ಲಿ, ಸಂಶೋಧನೆಯಲ್ಲಿ ಅದು ಸಣ್ಣದಲ್ಲ. ಆದರೆ ಕೊರ್ವಾಲಿಸ್ ಸುಮಾರು 60 ಸಾವಿರ ಜನರ ಊರು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯ ಇರುವ ಪುಲ್‌ಮನ್ ಇನ್ನೂ ಚಿಕ್ಕದು, ಸುತ್ತಲೂ ಗೋಧಿ ಬೆಳೆಯುವ ಗುಡ್ಡಗಳು. ಟಿ.ವಿ.ಯ ತಕ್ಕಡಿಯಲ್ಲಿ ತೂಗಿದಾಗ ಮಾತ್ರ ಇವು ಸಣ್ಣವು.

3. ಪ್ಯಾಕ್-12 ಮುರಿದ ಬಗೆ

ಪಶ್ಚಿಮ ಕರಾವಳಿಯ ಈ ಕೂಟ ಹುಟ್ಟಿದ್ದು 1915ರಲ್ಲಿ. ಸ್ಥಾಪಕ ಸದಸ್ಯರು ನಾಲ್ಕು. ಅವರಲ್ಲಿ ಈಗಿನ ಆರೆಗಾನ್ ಸ್ಟೇಟ್ ಕೂಡ ಒಂದು. ಸದಸ್ಯರು ಹೆಚ್ಚಿದಂತೆ ಹೆಸರು ಬದಲಾಗಿ 2011ರಲ್ಲಿ ಪ್ಯಾಕ್-12 ಆಯಿತು. ಅದೇ ವರ್ಷ 12 ವರ್ಷಗಳಿಗೆ ಸುಮಾರು 300 ಕೋಟಿ ಡಾಲರ್‌ಗಳ ಟಿ.ವಿ. ಒಪ್ಪಂದವಾಯಿತು. ಸರಳ ಭಾಗಾಕಾರ ಮಾಡಿ: ವರ್ಷಕ್ಕೆ 25 ಕೋಟಿ, ಹನ್ನೆರಡು ಸದಸ್ಯರಿಗೆ ಸಮಪಾಲು, ತಲಾ ಸುಮಾರು 2.08 ಕೋಟಿ ಡಾಲರ್. ಈ ಒಪ್ಪಂದ 2024ಕ್ಕೆ ಮುಗಿಯುತ್ತಿತ್ತು.

ಘಟನೆಗಳನ್ನು ಕ್ರಮವಾಗಿ ನೋಡೋಣ.

2021ರ ಜುಲೈ: ಟೆಕ್ಸಸ್ ಮತ್ತು ಒಕ್ಲಹೋಮ ವಿಶ್ವವಿದ್ಯಾಲಯಗಳು ಬಿಗ್ 12 ಕೂಟ ಬಿಟ್ಟು ದಕ್ಷಿಣದ ಎಸ್‌ಇಸಿ ಸೇರುವುದಾಗಿ ನಿರ್ಧರಿಸಿದವು. ಉಳಿದ ಕೂಟಗಳಿಗೆ ಇದು ಎಚ್ಚರಿಕೆಯ ಗಂಟೆಯಾಯಿತು.

2022ರ ಜೂನ್ 30: ಲಾಸ್ ಏಂಜಲೀಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ, ಪ್ಯಾಕ್-12 ಬಿಟ್ಟು 2024ರಿಂದ ಬಿಗ್ ಟೆನ್ ಸೇರುವುದಾಗಿ ಘೋಷಿಸಿದವು. ಕೂಟದ ಅತಿ ದೊಡ್ಡ ಟಿ.ವಿ. ಮಾರುಕಟ್ಟೆಯೇ ಹೋಯಿತು.

2022ರ ಆಗಸ್ಟ್: ಬಿಗ್ ಟೆನ್ ಮೂರು ಟಿ.ವಿ. ಕಂಪನಿಗಳೊಡನೆ ಏಳು ವರ್ಷಕ್ಕೆ 700 ಕೋಟಿ ಡಾಲರ್ ಮೀರಿದ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 100 ಕೋಟಿ. ಆಗ ಲೆಕ್ಕಕ್ಕಿದ್ದ 16 ಸದಸ್ಯರಿಗೆ ಭಾಗಿಸಿದರೆ ತಲಾ 6.25 ಕೋಟಿ. ಹಳೆಯ ಪ್ಯಾಕ್-12 ಸರಾಸರಿಯ ಮೂರು ಪಟ್ಟು! ಅಕ್ಟೋಬರ್‌ನಲ್ಲಿ ಬಿಗ್ 12 ಕೂಡ ಸದಸ್ಯರಿಗೆ ತಲಾ 3 ಕೋಟಿ ಮೀರುವ ಒಪ್ಪಂದ ಮುಗಿಸಿತು. ಪ್ಯಾಕ್-12 ಇನ್ನೂ ಮಾತುಕತೆಯಲ್ಲೇ ಇತ್ತು.

2023ರ ಜುಲೈ: ಕೊಲೊರಾಡೊ ಬಿಗ್ 12ಕ್ಕೆ ಹೋಯಿತು. ಹೌದು, ನ್ಯಾಯಮೂರ್ತಿ ವೈಟ್ ಆಡಿದ್ದ ಅದೇ ಕೊಲೊರಾಡೊ.

2023ರ ಆಗಸ್ಟ್ 4: ಕೊನೆಗೆ ಪ್ಯಾಕ್-12 ಮುಂದೆ ಉಳಿದದ್ದು ಆ್ಯಪಲ್ ಕಂಪನಿಯ ಒಂದು ಕೊಡುಗೆ. ಎಷ್ಟು ಜನ ಚಂದಾದಾರರಾಗುತ್ತಾರೆ ಎಂಬುದರ ಮೇಲೆ ಹಣ ಏರುವ ಷರತ್ತು ಅದರಲ್ಲಿತ್ತು. ಸದಸ್ಯರಿಗೆ ಧೈರ್ಯ ಬರಲಿಲ್ಲ. ಒಂದೇ ದಿನ ಐದು ವಿಶ್ವವಿದ್ಯಾಲಯಗಳು ಹೊರಟವು. ಆರೆಗಾನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್‌ಗೆ. ಅರಿಜೋನ, ಅರಿಜೋನ ಸ್ಟೇಟ್, ಯೂಟಾ ಬಿಗ್ 12ಕ್ಕೆ.

2023ರ ಸೆಪ್ಟೆಂಬರ್ 1: ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ (ಬರ್ಕ್ಲಿ) ‘ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್’, ಅಂದರೆ ಎಸಿಸಿ ಸೇರಿದವು. ಪೆಸಿಫಿಕ್ ಸಾಗರದ ಪಕ್ಕದ ವಿಶ್ವವಿದ್ಯಾಲಯಗಳು ಅಟ್ಲಾಂಟಿಕ್ ಕರಾವಳಿಯ ಕೂಟದಲ್ಲಿ! ಹೆಸರುಗಳಿಗೆ ಈಗ ಅರ್ಥವೇ ಉಳಿದಿಲ್ಲ. ಬಿಗ್ ಟೆನ್‌ನಲ್ಲಿ 18 ಸದಸ್ಯರು, ಬಿಗ್ 12ರಲ್ಲಿ 16.

ಉಳಿದವರು ಇಬ್ಬರು: ಆರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್.

ಭಾಯ್ ಒಂದು ವಿಷಯ ಹೇಳಿದರು. ಆರೆಗಾನ್ ಸ್ಟೇಟ್ ತನ್ನ ಕ್ರೀಡಾಂಗಣದ ಒಂದು ಇಡೀ ಬದಿಯನ್ನು ಕೆಡವಿ, ಸುಮಾರು 16 ಕೋಟಿ ಡಾಲರ್ ವೆಚ್ಚದಲ್ಲಿ ಹೊಸದಾಗಿ ಕಟ್ಟಿತ್ತು. ಅದು ತೆರೆದದ್ದು 2023ರ ಸೆಪ್ಟೆಂಬರ್‌ನಲ್ಲಿ, ಕೂಟ ಮುರಿದ ಮರುತಿಂಗಳು.

4. ನಮ್ಮ ಪಠ್ಯಪುಸ್ತಕದ ಲೆಕ್ಕ

ಈಗ ಅಕೌಂಟೆನ್ಸಿ ಪುಸ್ತಕ ತೆರೆಯೋಣ. ಹನ್ನೆರಡು ಸಮಾನ ಪಾಲುದಾರರು, ಪ್ರತಿಯೊಬ್ಬರ ಪಾಲು 1/12. ಹತ್ತು ಜನ ನಿವೃತ್ತರಾದರು. ಉಳಿದ ಇಬ್ಬರ ಹೊಸ ಪಾಲು ತಲಾ 1/2.

ಗಳಿಕೆ = ಹೊಸ ಪಾಲು − ಹಳೆಯ ಪಾಲು = 1/2 − 1/12 = 5/12.

ಪುಸ್ತಕದ ಪ್ರಕಾರ ಇಬ್ಬರಿಗೂ ಹಬ್ಬ! ಪುಸ್ತಕ ಇನ್ನೊಂದು ಮಾತನ್ನೂ ಹೇಳುತ್ತದೆ: ಉಳಿದವರಿಗೆ ಲಾಭವಾದ್ದರಿಂದ, ಹೋಗುವವರ ಗುಡ್‌ವಿಲ್ ಪಾಲನ್ನು ಉಳಿದವರೇ ತುಂಬಿಕೊಡಬೇಕು.

ಆದರೆ ನಿಜವಾಗಿ ಏನಾಯಿತು? ಗುಡ್‌ವಿಲ್ ಎಂದರೆ ಗಿರಾಕಿ ಮತ್ತೆ ನಮ್ಮ ಬಳಿಯೇ ಬರುತ್ತಾನೆ ಎಂಬ ಭರವಸೆಯ ಬೆಲೆ. ಇಲ್ಲಿ ಗಿರಾಕಿ ಟಿ.ವಿ. ಕಂಪನಿ. ಅದು ಹೋದವರ ಹಿಂದೆಯೇ ಹೋಯಿತು. ಸೊನ್ನೆಯ ಅರ್ಧ ಸೊನ್ನೆಯೇ. ಪುಸ್ತಕದ ಲೆಕ್ಕ ತಪ್ಪಲ್ಲ. ಗುಡ್‌ವಿಲ್ ಸಂಸ್ಥೆಯಲ್ಲೇ ಉಳಿಯುತ್ತದೆ ಎಂದು ಅದು ನಂಬಿಕೊಂಡಿದೆ. ಆ ನಂಬಿಕೆ ಮುರಿದಾಗ ಗಳಿಕೆ ಅನುಪಾತಕ್ಕೆ ಬೆಲೆಯಿಲ್ಲ.

ಇದು ನನಗೆ ಬೇಗ ಅರ್ಥವಾಗಲು ಕಾರಣವಿದೆ. ಅಬ್ಬಾ ಇಬ್ಬರು ಗೆಳೆಯರೊಡನೆ ಟೈರ್ ಅಂಗಡಿ ನಡೆಸುತ್ತಿದ್ದರು. ಲಾರಿ ಮಾಲೀಕರ ಪರಿಚಯವೆಲ್ಲ ಒಬ್ಬರಿಗಿತ್ತು. ಅವರು ಬೇರೆಯಾಗಿ ಬೈಪಾಸ್ ಹತ್ತಿರ ಅಂಗಡಿ ಹಾಕಿದರು. ನಮ್ಮ ಅಂಗಡಿಯ ಬೋರ್ಡ್ ನಮ್ಮಲ್ಲೇ ಉಳಿಯಿತು. ಲಾರಿಗಳು ಬೈಪಾಸ್‌ನಲ್ಲಿ ನಿಂತವು.

5. ಉಳಿದ ಇಬ್ಬರು ಏನು ಮಾಡಿದರು?

ಮೊದಲು ನ್ಯಾಯಾಲಯಕ್ಕೆ ಹೋದರು. ಬಿಟ್ಟು ಹೋಗುವುದಾಗಿ ಘೋಷಿಸಿದವರು ಕೂಟದ ಆಡಳಿತ ಮಂಡಳಿಯಲ್ಲಿ ಕೂತು ಮತ ಹಾಕಬಾರದು ಎಂಬುದು ಅವರ ವಾದ. 2023ರ ನವೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ನ್ಯಾಯಾಲಯ ಇವರ ಪರವಾಗಿ ಆದೇಶ ಕೊಟ್ಟಿತು. ಮುಂದೆ ರಾಜಿಯಾಯಿತು: ಹೋದ ಹತ್ತು ಸದಸ್ಯರೂ ತಲಾ 65 ಲಕ್ಷ ಡಾಲರ್ ಬಿಟ್ಟುಕೊಟ್ಟರು, ಒಟ್ಟು 6.5 ಕೋಟಿ. ಕೂಟದ ಹೆಸರು, ಆಸ್ತಿ, ಹೊಣೆಗಳೆಲ್ಲ ಇಬ್ಬರ ಕೈಗೆ ಬಂದವು. ಗಮನಿಸಿ, ನಮ್ಮ ಪುಸ್ತಕದಲ್ಲಿ ಉಳಿದವರು ಹೋದವರಿಗೆ ಕೊಡುತ್ತಾರೆ. ಇಲ್ಲಿ ಹೋದವರು ಉಳಿದವರಿಗೆ ಕೊಟ್ಟರು.

ಆದರೆ ಆಡಲು ಎದುರಾಳಿ ಬೇಡವೇ? 2024ರ ಋತುವಿಗೆ ಮೌಂಟನ್ ವೆಸ್ಟ್ ಎಂಬ ಸಣ್ಣ ಕೂಟಕ್ಕೆ ಸುಮಾರು 1.4 ಕೋಟಿ ಡಾಲರ್ ಕೊಟ್ಟು ಪಂದ್ಯಗಳನ್ನು ಪಡೆದರು. ಬೇರೆ ಹಲವು ಆಟಗಳಿಗೆ ಇನ್ನೊಂದು ಕೂಟದ ಆಶ್ರಯ ಪಡೆದರು. ತರಬೇತುದಾರರು, ಆಟಗಾರರು ಬಿಟ್ಟು ಹೋಗತೊಡಗಿದರು. ಆರೆಗಾನ್ ಸ್ಟೇಟ್‌ನ ಮುಖ್ಯ ತರಬೇತುದಾರ ಜೊನಾಥನ್ ಸ್ಮಿತ್ ಅದೇ ವಿಶ್ವವಿದ್ಯಾಲಯದ ಹಳೆಯ ಆಟಗಾರ. 2023ರ ಕೊನೆಯಲ್ಲಿ ಅವರು ಬಿಗ್ ಟೆನ್‌ನ ಮಿಷಿಗನ್ ಸ್ಟೇಟ್‌ಗೆ ಹೋದರು. ವಾಷಿಂಗ್ಟನ್ ಸ್ಟೇಟ್‌ನ ಕ್ಯಾಮ್ ವಾರ್ಡ್ ಮಯಾಮಿಗೆ ಹೋಗಿ ಆಡಿದರು. 2025ರಲ್ಲಿ ವೃತ್ತಿಪರ ಲೀಗ್ ಆಯ್ಕೆ ಮಾಡಿದ ಮೊದಲ ಆಟಗಾರ ಅವರೇ.

6. ಫುಟ್‌ಬಾಲ್ ಆಡದವರ ನಷ್ಟ

ಈ ಭಾಗ ಬರೆಯುವಾಗ ನನಗೆ ಹೆಚ್ಚು ಬೇಸರವಾಯಿತು. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಫುಟ್‌ಬಾಲ್‌ನಿಂದ ಬಂದ ಹಣವೇ ಈಜು, ವಾಲಿಬಾಲ್, ಅಥ್ಲೆಟಿಕ್ಸ್‌ನಂಥ ಆಟಗಳನ್ನು ಸಾಕುತ್ತದೆ. ಆ ಹಣ ಕಡಿಮೆಯಾದರೆ ಏಟು ಬೀಳುವುದು ಮೊದಲು ಇವುಗಳಿಗೆ.

1978ರಲ್ಲಿ ವಾಷಿಂಗ್ಟನ್ ಸ್ಟೇಟ್‌ನ ವಿದ್ಯಾರ್ಥಿಯಾಗಿದ್ದ ಕೀನ್ಯಾದ ಹೆನ್ರಿ ರೋನೊ 81 ದಿನಗಳಲ್ಲಿ ನಾಲ್ಕು ವಿಶ್ವದಾಖಲೆ ಮುರಿದರು. ಅಂಥ ಪರಂಪರೆ ಇರುವ ಅದೇ ವಿಶ್ವವಿದ್ಯಾಲಯ 2025ರ ಜೂನ್‌ನಲ್ಲಿ ಜಿಗಿತ ಮತ್ತು ಎಸೆತದ ಸ್ಪರ್ಧೆಗಳನ್ನು ಕೈಬಿಟ್ಟು, ಕಡಿಮೆ ದೂರದ ಓಟವನ್ನು ಮೊಟಕುಗೊಳಿಸಿ, ದೂರದ ಓಟವನ್ನಷ್ಟೇ ಮುಖ್ಯವಾಗಿ ಉಳಿಸಿಕೊಳ್ಳುವುದಾಗಿ ತಿಳಿಸಿತು. ಕೂಟ ಮುರಿದದ್ದು ಒಂದೇ ಕಾರಣವಲ್ಲ. ಆಟಗಾರರಿಗೆ ವಿಶ್ವವಿದ್ಯಾಲಯವೇ ನೇರವಾಗಿ ಹಣ ಕೊಡಬಹುದಾದ ಹೊಸ ವ್ಯವಸ್ಥೆಯೂ ಅದೇ ತಿಂಗಳು ಒಪ್ಪಿಗೆ ಪಡೆಯಿತು. ಆದರೂ ಗುಂಡು ಎಸೆಯುವ ಒಬ್ಬ ಹುಡುಗಿಯನ್ನು ನೆನೆಸಿಕೊಳ್ಳಿ. ಟಿ.ವಿ. ಒಪ್ಪಂದದ ಮಾತುಕತೆಯ ಮೇಜಿನಲ್ಲಿ ಅವಳು ಕೂತಿರಲಿಲ್ಲ.

ಹೋದವರಿಗೂ ಸುಖವಿಲ್ಲ. ನಮ್ಮ ದೇಶದ ಉತ್ತರ-ದಕ್ಷಿಣ ಉದ್ದ 3,214 ಕಿ.ಮೀ. ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಲಾಸ್ ಏಂಜಲೀಸ್‌ನಿಂದ ಅದೇ ಬಿಗ್ ಟೆನ್‌ನ ರಟ್ಗರ್ಸ್ ಇರುವ ನ್ಯೂಜೆರ್ಸಿಗೆ ಅದಕ್ಕಿಂತಲೂ ದೂರ, ಮೂರು ಗಂಟೆಗಳ ಸಮಯದ ವ್ಯತ್ಯಾಸ ಬೇರೆ. ಫುಟ್‌ಬಾಲ್ ತಂಡ ವಾರಕ್ಕೊಂದು ಪಂದ್ಯ ಆಡುತ್ತದೆ. ವಾರದಲ್ಲಿ ಎರಡು, ಮೂರು ಪಂದ್ಯ ಆಡುವ ವಾಲಿಬಾಲ್, ಸಾಫ್ಟ್‌ಬಾಲ್ ಹುಡುಗಿಯರು ತರಗತಿಗೆ ಯಾವಾಗ ಹೋಗಬೇಕು?

ಹಣದ ಲೆಕ್ಕದಲ್ಲೂ ಎಲ್ಲರಿಗೂ ಪೂರ್ತಿ ಪಾಲು ಸಿಗಲಿಲ್ಲ. ಆರೆಗಾನ್ ಮತ್ತು ವಾಷಿಂಗ್ಟನ್‌ಗೆ ಹಳೆಯ ಸದಸ್ಯರ ಸುಮಾರು ಅರ್ಧ. ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾಗಳಿಗೆ ಮೊದಲ ವರ್ಷಗಳಲ್ಲಿ ಅದಕ್ಕಿಂತ ಕಡಿಮೆ. ಅವರ ಜೊತೆ ಎಸಿಸಿ ಸೇರಿದ ಡಲ್ಲಸ್‌ನ ಎಸ್‌ಎಂಯು ಒಂಬತ್ತು ವರ್ಷ ಟಿ.ವಿ. ಹಣವೇ ಬೇಡ ಎಂದು ಒಪ್ಪಿ ಒಳಗೆ ಬಂತು. ಹೊರಗೆ ಉಳಿಯುವ ಭಯಕ್ಕೆ ಎಷ್ಟು ಬೆಲೆ ಇದೆ ನೋಡಿ!

7. ಸಣ್ಣವರಿಂದ ಇನ್ನೂ ಸಣ್ಣವರಿಗೆ

ಕಥೆ ಇಲ್ಲಿಗೆ ಮುಗಿದಿದ್ದರೆ ದೊಡ್ಡವರನ್ನು ಬೈದು ನಾನು ಲೇಖನ ಮುಗಿಸುತ್ತಿದ್ದೆ.

ಎನ್‌ಸಿಎಎ ನಿಯಮದ ಪ್ರಕಾರ ಮೇಲಿನ ದರ್ಜೆಯ ಕೂಟಕ್ಕೆ ಕನಿಷ್ಠ ಎಂಟು ಫುಟ್‌ಬಾಲ್ ಸದಸ್ಯರು ಬೇಕು. ಇಬ್ಬರಿಗೆ ಎರಡು ವರ್ಷದ ಕಾಲಾವಕಾಶವಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಅವರು ಬಾಯ್ಸಿ ಸ್ಟೇಟ್, ಕೊಲೊರಾಡೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಆಮೇಲೆ ಯೂಟಾ ಸ್ಟೇಟ್, ಹೀಗೆ ಐದು ವಿಶ್ವವಿದ್ಯಾಲಯಗಳನ್ನು 2026ರಿಂದ ತಮ್ಮ ಕೂಟಕ್ಕೆ ಕರೆದುಕೊಂಡರು. ಎಲ್ಲಿಂದ? ಕಷ್ಟಕಾಲದಲ್ಲಿ ಪಂದ್ಯ ಕೊಟ್ಟ ಅದೇ ಮೌಂಟನ್ ವೆಸ್ಟ್‌ನಿಂದ.

ಮೌಂಟನ್ ವೆಸ್ಟ್ ಜಾಣತನದಿಂದ ಪಂದ್ಯಗಳ ಒಪ್ಪಂದದಲ್ಲಿ ಒಂದು ಷರತ್ತು ಹಾಕಿತ್ತು: ನಮ್ಮ ಸದಸ್ಯರನ್ನು ಸೆಳೆದರೆ ಮೊದಲನೆಯವರಿಗೆ 1 ಕೋಟಿ ಡಾಲರ್, ಮುಂದಿನ ಪ್ರತಿಯೊಬ್ಬರಿಗೂ 5 ಲಕ್ಷ ಹೆಚ್ಚುತ್ತಾ ದಂಡ ಕಟ್ಟಬೇಕು. ಐದು ಸದಸ್ಯರಿಗೆ ಲೆಕ್ಕ ಹಾಕಿ: 1 + 1.05 + 1.10 + 1.15 + 1.20 = 5.5 ಕೋಟಿ. ಪ್ಯಾಕ್-12 ಸಹಿ ಹಾಕಿದ್ದ ಈ ಷರತ್ತೇ ಕಾನೂನುಬಾಹಿರ ಎಂದು ನ್ಯಾಯಾಲಯಕ್ಕೆ ಹೋಯಿತು.

ಎಂಟನೆಯ ಫುಟ್‌ಬಾಲ್ ಸದಸ್ಯ ಟೆಕ್ಸಸ್ ಸ್ಟೇಟ್ ಬಂದದ್ದು ಸನ್ ಬೆಲ್ಟ್ ಕೂಟದಿಂದ. ಸನ್ ಬೆಲ್ಟ್ ಆ ಜಾಗಕ್ಕೆ ಕಾನ್ಫರೆನ್ಸ್ ಯುಎಸ್‌ಎ ಕೂಟದಿಂದ ಲೂಸಿಯಾನ ಟೆಕ್ ಅನ್ನು ಕರೆಯಿತು. ಮೌಂಟನ್ ವೆಸ್ಟ್ ಕೂಡ ಅದೇ ಕೂಟದಿಂದ ಯುಟಿಇಪಿಯನ್ನು ತೆಗೆದುಕೊಂಡಿತು. ಕಾನ್ಫರೆನ್ಸ್ ಯುಎಸ್‌ಎ ಕೆಳಗಿನ ದರ್ಜೆಯಿಂದ ಡೆಲವೇರ್, ಮಿಸೌರಿ ಸ್ಟೇಟ್‌ಗಳನ್ನು ಮೇಲೆ ತಂದಿತ್ತು. ಹಾಗೆ ಮೇಲೇರುವ ಶುಲ್ಕವನ್ನು ಎನ್‌ಸಿಎಎ 2023ರಲ್ಲಿ 5 ಸಾವಿರ ಡಾಲರ್‌ನಿಂದ 50 ಲಕ್ಷ ಡಾಲರ್‌ಗೆ ಏರಿಸಿತು. ಮೇಲಿನ ಮೆಟ್ಟಿಲಲ್ಲಿ ಒಬ್ಬ ಜರುಗಿದರೆ ಕೆಳಗಿನ ಎಲ್ಲ ಮೆಟ್ಟಿಲೂ ಅಲುಗುತ್ತವೆ.

ಇದನ್ನು ಓದಿ ನಾನು ಅಬ್ಬಾ ಅವರ ಬಳಿ ಹೋದೆ. ಲಾರಿಗಳು ಹೋದ ಮೇಲೆ ಅಬ್ಬಾ ಏನು ಮಾಡಿದರೆಂದು ನನಗೆ ಗೊತ್ತು. ಹಿಂದಿನ ಬೀದಿಯ ಪಂಕ್ಚರ್ ಅಂಗಡಿಯಲ್ಲಿದ್ದ ಒಳ್ಳೆಯ ಕೆಲಸಗಾರನಿಗೆ ಹೆಚ್ಚು ಸಂಬಳ ಕೊಟ್ಟು ಕರೆದುಕೊಂಡರು. ಆ ಅಂಗಡಿ ಈಗಿಲ್ಲ. “ಅಬ್ಬಾ, ಅದು ಸರಿಯಾ?” ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಂಗಡಿ ಮುಚ್ಚಬೇಕಿತ್ತಾ ಬೇಟಾ? ನಿನ್ನ ಫೀಸ್ ಎಲ್ಲಿಂದ ಬರುತ್ತಿತ್ತು?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಕೊರ್ವಾಲಿಸ್ ಮತ್ತು ಪುಲ್‌ಮನ್‌ನವರನ್ನು ಕೇಳಿದರೂ ಬಹುಶಃ ಇದೇ ಮಾತು ಹೇಳುತ್ತಾರೆ.

8. ನಾವು ಕಲಿಯಬೇಕಾದದ್ದು

ಮೊದಲನೆಯದು, ಜೊತೆಯಾಗಿ ಗಳಿಸಿದ್ದನ್ನು ಒಬ್ಬರ ಗಳಿಕೆ ಎಂದು ಲೆಕ್ಕ ಹಾಕಬಾರದು. ಯುಎಸ್‌ಸಿ ಗೆಲ್ಲಲು ಎದುರಿಗೆ ಯಾರಾದರೂ ಆಡಲೇಬೇಕಿತ್ತು. ನೂರು ವರ್ಷ ಆ ಎದುರಾಳಿಗಳಲ್ಲಿ ಕೊರ್ವಾಲಿಸ್, ಪುಲ್‌ಮನ್‌ನ ಹುಡುಗರೂ ಇದ್ದರು. ಟಿ.ವಿ. ಅಳೆಯುವಾಗ ಅದು ಲೆಕ್ಕಕ್ಕೆ ಬರಲಿಲ್ಲ.

ಎರಡನೆಯದು, ಕರಾರು ಪತ್ರವನ್ನು ಸ್ನೇಹ ಚೆನ್ನಾಗಿರುವಾಗಲೇ ಬರೆಯಬೇಕು. ಪ್ಯಾಕ್-12 ಸದಸ್ಯರನ್ನು ಕಟ್ಟಿಹಾಕಿದ್ದ ಪ್ರಸಾರ ಹಕ್ಕಿನ ಕರಾರು 2024ಕ್ಕೆ ಮುಗಿಯುತ್ತಿತ್ತು, ಎಲ್ಲರೂ ಅದೇ ಹೊತ್ತಿಗೆ ಹೊರಟರು. ಎಸಿಸಿಯಲ್ಲಿ ಅಂಥದೇ ಕರಾರು 2036ರವರೆಗಿದೆ. ಫ್ಲೋರಿಡಾ ಸ್ಟೇಟ್ ಮತ್ತು ಕ್ಲೆಮ್ಸನ್ ಅದರ ವಿರುದ್ಧ ದಾವೆ ಹೂಡಿದರೂ 2025ರಲ್ಲಿ ರಾಜಿ ಮಾಡಿಕೊಂಡು ಕೂಟದಲ್ಲೇ ಉಳಿದವು.

ಮೂರನೆಯದು, ಹೋದವರೆಲ್ಲ ಕೆಟ್ಟವರಲ್ಲ. ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಸರಿಯಾದ ಲೆಕ್ಕವನ್ನೇ ಹಾಕಿದರು. ಎಲ್ಲರ ಸರಿಯಾದ ಲೆಕ್ಕಗಳನ್ನು ಕೂಡಿಸಿದಾಗ ನೂರು ವರ್ಷ ದಾಟಿದ ಕೂಟ ಒಡೆಯಿತು. ಆದ್ದರಿಂದ ಲೆಕ್ಕ ಹಾಕುವಾಗ ಒಂದು ಕಾಲಂ ಹೆಚ್ಚಿಗೆ ಇರಲಿ: ಇದರ ಖರ್ಚು ಯಾರ ಮೇಲೆ ಬೀಳುತ್ತದೆ?

ಕೊನೆಗೆ ಸಂತೋಷದ ಎರಡು ಸುದ್ದಿ. 2024ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ ಸ್ಟೇಟ್, ತನ್ನನ್ನು ಬಿಟ್ಟು ಹೋದ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು ಸಿಯಾಟಲ್‌ನಲ್ಲೇ 24-19ರಿಂದ ಸೋಲಿಸಿತು. 2025ರಲ್ಲಿ ಆರೆಗಾನ್ ಸ್ಟೇಟ್‌ನ ಬೇಸ್‌ಬಾಲ್ ತಂಡ ಯಾವ ಕೂಟಕ್ಕೂ ಸೇರದೆ, ಊರೂರು ಅಲೆದು ಆಡಿ, ರಾಷ್ಟ್ರಮಟ್ಟದ ಕಾಲೇಜು ವಿಶ್ವ ಸರಣಿಯ ಕೊನೆಯ ಎಂಟು ತಂಡಗಳಲ್ಲಿ ಒಂದಾಯಿತು. ಭಾಯ್ ಆ ರಾತ್ರಿ ಕಿತ್ತಳೆ ಬಣ್ಣದ ಟೀ ಶರ್ಟ್ ಹಾಕಿಕೊಂಡು ನಮ್ಮ ಮನೆಯವರಿಗೆಲ್ಲ ಫೋನ್ ಮಾಡಿದ್ದರು. ಅಮ್ಮಿಗೆ ಆಟ ಯಾವುದೆಂದು ಕೊನೆಯವರೆಗೂ ತಿಳಿಯಲಿಲ್ಲ, ಆದರೂ ಮುಬಾರಕ್ ಹೇಳಿದರು.

ಅಭ್ಯಾಸಕ್ಕಾಗಿ:

1. ಹತ್ತರ ಬದಲು ಆರು ಸದಸ್ಯರು ಮಾತ್ರ ಹೋಗಿದ್ದರೆ ಉಳಿದ ಪ್ರತಿಯೊಬ್ಬರ ಗಳಿಕೆ ಎಷ್ಟು?

2. ಗುಡ್‌ವಿಲ್ ಹೋಗುವವರ ಜೊತೆಯೇ ಹೋಗುತ್ತದೆ ಎಂದು ಮೊದಲೇ ಗೊತ್ತಿದ್ದರೆ, ಕರಾರು ಪತ್ರದಲ್ಲಿ ನೀವು ಯಾವ ಷರತ್ತು ಸೇರಿಸುತ್ತಿದ್ದಿರಿ?

3. ಅಬ್ಬಾ ಕೇಳಿದ ಪ್ರಶ್ನೆಗೆ ನಿಮ್ಮ ಉತ್ತರವೇನು? ಸಿಕ್ಕಿದರೆ ದಯವಿಟ್ಟು ನನಗೂ ತಿಳಿಸಿ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ